ಎಳೆದು ನೋಡುವವನು

ಅಂಟಿಕೊಂಡದ್ದನ್ನು ಕಂಡರೆ ಎಳೆದು ನೋಡುವವರ ಜಾತಿಯೊಂದಿದೆ. ಅಮೆರಿಕದ ನಮ್ಮೂರು ವಿಚಿಟಾದಲ್ಲಿ ಅದರ ಶಾಖೆಗೆ ಯಾರೂ ಆರಿಸದ ಅಧ್ಯಕ್ಷ ನಾನೇ. ವಿಮಾನದ ರೆಕ್ಕೆಗೆ ಬಳಸುವ ಕಾರ್ಬನ್ ನಾರಿಗೂ ಅದನ್ನು ಹಿಡಿದಿಡುವ ರಾಳಕ್ಕೂ ನಂಟು ಎಷ್ಟು ಗಟ್ಟಿ ಎಂದು ಅಳೆಯುವುದು ನನ್ನ ಉದ್ಯೋಗ. ಕೂದಲಿಗಿಂತ ತೆಳ್ಳಗಿನ ಒಂದು ನಾರಿನ ಮೇಲೆ ರಾಳದ ಹನಿ ಕೂರಿಸಿ, ಅದು ಗಟ್ಟಿಯಾದ ಮೇಲೆ ಹನಿಯನ್ನು ಎರಡು ಅಲಗುಗಳಿಂದ ತಡೆದು ನಾರನ್ನು ಎಳೆಯುತ್ತೇನೆ. ಹನಿ ಜಾರಿದರೆ ಅಂಕಿ ಸಿಗುತ್ತದೆ. ಹನಿ ಬಿಡದೆ ನಾರೇ ತುಂಡಾದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಕಸದ ಬುಟ್ಟಿಗೆ. ನಾರು ಎಳೆಯುವಾಗ ಯಾರಾದರೂ ಸೀನಿದರೆ ಕೊಲೆಗಾರನನ್ನು ನೋಡಿದಂತೆ ನೋಡುತ್ತೇನೆ. ಕೆಲಸ ಮುಗಿದರೂ ಕೈ ಸುಮ್ಮನಿರದು. ನೆರೆಯವರ ಅಂಚೆಪೆಟ್ಟಿಗೆ ಅಲ್ಲಾಡಿಸುತ್ತೇನೆ. ಒಮ್ಮೆ ಚರ್ಚಿನ ಊಟದಲ್ಲಿ ಬೀನ್ಸ್ ಪಾತ್ರೆಯ ಹಿಡಿಕೆಯನ್ನೂ ಜಗ್ಗಿದೆ. ಹಿಡಿಕೆ ನನ್ನ ಕೈಯಲ್ಲಿ, ಬೀನ್ಸ್ ಪಾದ್ರಿಯ ಷೂ ಮೇಲೆ. "ನೋಡಿದ್ರಾ, ಅಂಟು ಸರಿ ಇರ್ಲಿಲ್ಲ" ಎಂದು ಗೆದ್ದವನಂತೆ ಹೇಳಿದೆ. ಹೆಂಡತಿ ನಡೀನಳನ್ನೂ ಬಿಟ್ಟಿಲ್ಲ. "ನನ್ನ ಕಟ್ಕೊಂಡು ಬೇಜಾರಾಗಿಲ್ವಾ? ಟಲ್ಸಾ ಊರಲ್ಲಿರೋ ನಿನ್ನ ತಂಗಿ ಮನೆಗೆ ಹೋಗ್ಬಿಡೋಣ ಅನ್ಸಲ್ವಾ?" ಎಂದು ಪ್ರತಿ ಭಾನುವಾರ ಕೇಳುತ್ತಿದ್ದೆ. "ಇಲ್ಲೇ ಇದ್ದೀನಲ್ಲ ಮಾರಾಯ" ಎನ್ನುತ್ತಿದ್ದಳು. ಕಳೆದ ವಾರ ಮಾತ್ರ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ, ತಿರುಗದೆಯೇ, "ಹಿಂಗೇ ಎಳೀತಿರು ಲೈಲ್. ಅಂಟು ಬಿಡಲ್ಲ, ನಾನೇ ತುಂಡಾಗಿ ಹೋಗ್ತೀನಿ" ಎಂದಳು. ಈ ಭಾನುವಾರವೂ ಅದೇ ಪ್ರಶ್ನೆ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಪಾತ್ರೆ ಒರೆಸುವ ಬಟ್ಟೆ ತೆಗೆದುಕೊಂಡು, ಅವಳು ತೊಳೆದಿಟ್ಟ ಕಾಫಿ ಕಪ್‌ಗಳನ್ನು ಒರೆಸಿ ಜೋಡಿಸಿದೆ, ಒಂದರ ಹಿಡಿಕೆಯನ್ನೂ ಜಗ್ಗದೆ.