ಹಳದಿ ಸೀರೆಯ ಫೋಟೊ

ನಮ್ಮೂರ ಗಾಂಧಿನಗರದ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ ಇಷ್ಟು ವರ್ಷ ಯಾವ ಫೋಟೊಗೂ ಯಾರ ಅನುಮತಿಯನ್ನೂ ಕೇಳಿದವನಲ್ಲ ನಾನು. ಗಿರಾಕಿ ತಲೆಯ ಮೇಲೆ ನಿಂತಿರುತ್ತಾನೆ, ಕರೆಂಟು ಹೋಗುವುದರೊಳಗೆ ಪ್ರಿಂಟ್ ಆಗಬೇಕು. ಮೊಬೈಲಿನಲ್ಲಿ ಹುಡುಕಿ, ಚೆನ್ನಾಗಿ ಕಂಡದ್ದನ್ನು ಎತ್ತಿ ಹಾಕುತ್ತಿದ್ದೆ. ಫೋಟೊದ ಹಕ್ಕು ಗಿಕ್ಕು ಎಲ್ಲ ಸಿನಿಮಾದವರ ತಲೆನೋವು ಅಂದುಕೊಂಡಿದ್ದೆ. ಕಣ್ಣು ಉರಿಯುವ, ಸೊಂಟ ಹಿಡಿಯುವ ಈ ವಯಸ್ಸಿನಲ್ಲಿ ಅದೂ ನನ್ನ ಪಾಲಿಗೆ ಬಂತು.

ಸಿರುಗುಪ್ಪದ ನರ್ಸರಿಯವನೊಬ್ಬನಿಗೆ ಮೆಣಸಿನ ಸಸಿಯ ಬೋರ್ಡು ಬೇಕಿತ್ತು. ತನ್ನ ನರ್ಸರಿಯದೊಂದು ಫೋಟೊ ಕೂಡ ತಂದಿರಲಿಲ್ಲ ಪುಣ್ಯಾತ್ಮ. "ಯಾವುದಾರ ಒಂದು ಚೆಂದಂದು ಹಾಕ್ರಿ, ನಿಮಗ ಹೇಳಬೇಕೇನು" ಅಂದ. ಫೇಸ್‌ಬುಕ್‌ನಲ್ಲಿ ಒಂದು ಸಿಕ್ಕಿತು. ಸಾಲು ಸಾಲು ಟ್ರೇಗಳಲ್ಲಿ ಹಸಿರು ಸಸಿ, ಹಿಂದೆ ಹರಿದ ನೆರಳಿನ ಪರದೆಗೆ ಗಾಳಿ ತಡೆಯಲು ಕಟ್ಟಿದ ಹಳದಿ ಸೀರೆ. ಪಕ್ಕದ ಗೋಡೆಯ ಮೇಲೆ ನರ್ಸರಿಯ ಹೆಸರು, ಊರು ಬಾದನಹಟ್ಟಿ ಎಂದು ಬರೆದಿತ್ತು. ಗೋಡೆಯ ಅಕ್ಷರ ಅಳಿಸಿದೆ, ಸೀರೆಯನ್ನು ಬಿಟ್ಟೆ. ನಿಜ ಹೇಳಬೇಕೆಂದರೆ ಆ ಹಳದಿಗಾಗಿಯೇ ನಾನು ಅದನ್ನು ಆರಿಸಿದ್ದು.

ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು, ಆ ಬೋರ್ಡಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು.

"ಅಣ್ಣಾ, ಇದು ನೀವು ಮಾಡಿದ್ದೇನ್ರಿ? ಈ ಫೋಟೊ ನಾನು ತೆಗೆದಿದ್ದು. ಬಾದನಹಟ್ಟ್ಯಾಗ ನನ್ನ ನರ್ಸರಿ ಐತಿ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಫೇಸ್‌ಬುಕ್‌ನಾಗ ಹಾಕಿದ ಮ್ಯಾಲ ಎಲ್ಲಾರೂ ತಗೋತಾರಕ್ಕ. ನಿಮ್ಮ ಹೆಸರಂತೂ ಅಳಿಸೀನಲ್ಲ?" ಅಂದೆ.

"ಹೆಸರು ಯಾರು ಓದ್ತಾರಣ್ಣ? ಊರಾಗ ಎಲ್ಲಾರೂ ಹಳದಿ ಸೀರಿ ನರ್ಸರಿ ಅಂತಾರ."

ಅವರ ಊರಿನ ಮೂರು ಮನೆಯವರು ಸಿರುಗುಪ್ಪದಲ್ಲಿ ಬೋರ್ಡು ನೋಡಿದ್ದರು. ಸೀರೆ ಕಂಡು, ಈಕೆ ಇಲ್ಲೂ ಒಂದು ನರ್ಸರಿ ತೆರೆದಿದ್ದಾಳೆ ಅಂದುಕೊಂಡು, ನಂಬಿ ಸಸಿ ತಂದು ನಾಟಿ ಮಾಡಿದ್ದರು. ಹದಿನೈದು ದಿನದಲ್ಲಿ ಎಲೆಗಳೆಲ್ಲ ಮುದುರಿಕೊಂಡವು. ಈಗ ಊರಿನಲ್ಲಿ ಒಬ್ಬರೂ ಈಕೆಯ ಸಸಿ ಮುಟ್ಟುತ್ತಿರಲಿಲ್ಲ. ನಾಟಿಯ ದಿನಗಳು ಮುಗಿಯುತ್ತಾ ಬಂದಿದ್ದವು, ಟ್ರೇಗಳಲ್ಲೇ ಸಸಿ ಬಲಿಯುತ್ತಿದ್ದವು.

ನನಗೆ ನಾಚಿಕೆಯಾಯಿತು. ತಪ್ಪಾಯಿತು ಎಂದು ಫೇಸ್‌ಬುಕ್‌ನಲ್ಲಿ ಬರೆದು ಹಾಕುತ್ತೇನೆ ಅಂದೆ.

"ಬರದ್ರ ಅವ್ರು ನಂಬಂಗಿಲ್ಲ. ನಾನು ಕಂಠ ಹರಕೊಂಡು ಹೇಳಿದ್ರೂ ನಂಬಲಿಲ್ಲ. ನೀವು ಬಂದು ಅವ್ರ ಮುಂದ ಹೇಳ್ರಿ."

ಮೊದಲು ಸಿರುಗುಪ್ಪಕ್ಕೆ ಹೋಗಿ, ನರ್ಸರಿಯವನ ಜೊತೆ ಜಗಳಾಡಿ ಬೋರ್ಡು ಇಳಿಸಿದೆ. ಮರುದಿನ ಬಾದನಹಟ್ಟಿಗೆ ಹೋದೆ. ಆಕೆ ಆ ಮೂರು ಮನೆಯವರನ್ನು ಗೇಟಿನ ಹತ್ತಿರ ಕರೆಸಿದ್ದರು. ಬಿಸಿಲಲ್ಲಿ ನಿಂತು, ಕೇಳದೆ ಫೋಟೊ ಎತ್ತಿದವನು ನಾನು, ಆ ಸಸಿಗೂ ಈ ಅಕ್ಕನಿಗೂ ಸಂಬಂಧವಿಲ್ಲ ಎಂದು ಹೇಳಿದೆ. ನನ್ನ ಮಗಳ ವಯಸ್ಸಿನವರೂ ಅಲ್ಲಿದ್ದರು. ತಲೆ ಎತ್ತಲಾಗಲಿಲ್ಲ.

ಅವರಲ್ಲಿ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡರು. "ಆತು ಸಾಬ್ರ, ನೀವು ಬಂದು ಹೇಳಿದ್ರಿ, ಛಲೋ ಆತು. ನಾವು ಸೀರಿ ನೋಡಿ ಮೋಸ ಹೋದ್ವಿ. ನಾಳಿ ಇನ್ನೊಬ್ಬಾವ ಇದನ್ನ ಹಾಕ್ಕೊಂಡ್ರ ನಾವು ಏನು ನೋಡಿ ನಂಬೋದು?"

ಅದನ್ನು ಕೇಳಿ ಆಕೆ ಒಳಗೆ ಹೋಗಿ ಸೀರೆಯ ಗಂಟು ಬಿಚ್ಚತೊಡಗಿದರು.

"ಬೋರ್ಡ್ ಇಳಿಸೀನಲ್ಲಕ್ಕ, ಅದನ್ಯಾಕ ಬಿಚ್ಚುತೀರಿ?" ಅಂದೆ.

"ಬೋರ್ಡ್ ಇಳಿಸೀರಿ. ಫೋಟೊ ಯಾರ್ಯಾರ ಕಡೆ ಹೋಗೈತಿ, ನಿಮಗ ಗೊತ್ತೈತೇನು?"

ಗೊತ್ತಿರಲಿಲ್ಲ. ಚೆನ್ನಾಗಿ ಬಂದಿದೆ ಎಂದು ಫ್ಲೆಕ್ಸ್ ಅಂಗಡಿಯವರ ಮೊಬೈಲ್ ಗುಂಪಿಗೆ ನಾನೇ ಕಳಿಸಿದ್ದೆ. ಅದನ್ನು ಅಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಅಂದಿನಿಂದ ಫೋಟೊ ಯಾರದು, ಕೇಳಿದ್ದೀರಾ ಎಂದು ವಿಚಾರಿಸುತ್ತೇನೆ. ಗಿರಾಕಿಗಳು ನಗುತ್ತಾರೆ. ನನಗೂ ಸಾಕಾಗಿದೆ, ಆದರೂ ಕೇಳುತ್ತೇನೆ. ಮೊನ್ನೆ ಹೊಸ ಗಿರಾಕಿಯೊಬ್ಬ ತನ್ನ ನರ್ಸರಿಯ ಬೋರ್ಡಿಗೆ ಎಂದು ಮೊಬೈಲು ಮುಂದೆ ಹಿಡಿದ. ಅದೇ ಹಳದಿ ಸೀರೆ. ಪಕ್ಕದ ಗೋಡೆಯಲ್ಲಿ ನಾನು ಅವಸರದಲ್ಲಿ ಅಕ್ಷರ ಅಳಿಸಿದ ಕಲೆ ಹಾಗೇ ಇತ್ತು. ಅವನನ್ನು ಕೂರಿಸಿ, ಹಾಕಬಹುದೇ ಎಂದು ಕೇಳಲು ಬಾದನಹಟ್ಟಿಗೆ ಫೋನ್ ಮಾಡಿದೆ.

"ಈಗ ಕೇಳಾಕ ಹತ್ತೀರೇನಣ್ಣ?" ಅಂದರು ಆಕೆ. ಸಿಟ್ಟೇನೂ ಇರಲಿಲ್ಲ. "ಸೀರಿ ಬಿಚ್ಚಿದ ಮ್ಯಾಲ, ಸೀರಿ ಇದ್ದ ಬೋರ್ಡು ನಂದಲ್ಲ ಅಂತ ಊರವರಿಗೆ ಗೊತ್ತಾತು, ಈ ಸಲ ಮತ್ತ ಬಂದು ಸಸಿ ಒಯ್ದಾರ. ಆ ಫೋಟೊ ಈಗ ನಂದಲ್ಲ ಬಿಡ್ರಿ."

ನಾನು ಹಾಕುವುದಿಲ್ಲ ಎಂದು ಗಿರಾಕಿಗೆ ಹೇಳಿದೆ. ಅವನು ಎದ್ದು ಪಕ್ಕದ ಅಂಗಡಿಗೆ ಹೋದ. ಸಂಜೆ ಬಾಗಿಲು ಹಾಕುವಾಗ ಆ ಅಂಗಡಿಯ ಪ್ರಿಂಟರ್‌ನಿಂದ ಆ ಹಳದಿ ಇಷ್ಟಿಷ್ಟೇ ಹೊರಗೆ ಬರುತ್ತಿತ್ತು.