ಟಪಾಲಿನವನ ರುಮಾಲು

ಮುಳಬಾಗಿಲಿನ ನಮ್ಮ ಟಪಾಲಿನವನು, ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕಾದ ವಿ.ಪಿ. ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಗಾಳಿ ಕಣಪ್ಪೋ, ಬರೀ ಗಾಳಿ" ಎನ್ನುತ್ತಿದ್ದ. ಆದರೆ ದುಡ್ಡು ಕೊಡದೆ ಅದನ್ನು ಒಡೆಯುವಂತಿರಲಿಲ್ಲ.

ಯುದ್ಧದ ದಿನಗಳು. ಅಕ್ಕಿಗೂ ಸೀಮೆಎಣ್ಣೆಗೂ ಪರದಾಡುವ ಜನರ ಮುಂದೆ ಪತ್ರಿಕೆಗಳ ತುಂಬ ಒಂದೇ ಜಾಹೀರಾತು: ಮನೆಯಲ್ಲೇ ಕೂತು ತಿಂಗಳಿಗೆ ನೂರು ರೂಪಾಯಿ ಗಳಿಸುವ ಗುಟ್ಟು, ಬೆಲೆ ಒಂದೇ ರೂಪಾಯಿ! ಕೊಟ್ಟವನ ಹೆಸರಿಲ್ಲ, ಬರೀ ಒಂದು ಪೋಸ್ಟ್ ಬಾಕ್ಸ್ ನಂಬರು. ಅಂಥ ಗುಟ್ಟು ಗೊತ್ತಿರುವವನು ಅದನ್ನು ಒಂದು ರೂಪಾಯಿಗೆ ಯಾಕೆ ಮಾರುತ್ತಾನೆ? ಮೇಷ್ಟರಾದ ನಾನು ಕಂಡಕಂಡವರನ್ನೆಲ್ಲ ನಿಲ್ಲಿಸಿ ಸಿಟ್ಟಿನಿಂದ ಕೇಳುತ್ತಿದ್ದೆ.

ದೇವರಾಯಸಮುದ್ರದ ಸೂಲಗಿತ್ತಿಯೊಬ್ಬಳು ಯಾರ ಕೈಲೋ ಕಾಗದ ಬರೆಸಿ ಆ ಗುಟ್ಟು ತರಿಸಿಕೊಂಡಳು. ದುಡ್ಡು ತೆಗೆದುಕೊಂಡ ಟಪಾಲಿನವನೇ ಪೊಟ್ಟಣ ಬಿಡಿಸಿ ಓದಿದ. "ಸೋಪು ಮಾಡಿ ಮಾರಿರಿ." ಮಾಡುವ ಬಗೆ ತಿಳಿಯಬೇಕಿದ್ದರೆ ಇನ್ನೆರಡು ರೂಪಾಯಿ ಕಳಿಸಬೇಕಂತೆ, ದರಿದ್ರದವನಿಗೆ!

"ಸರ್ಕಾರದ ರುಮಾಲು ಕಟ್ಕೊಂಡು ನೀನೇ ತಂದ್ಯಲ್ಲಪ್ಪಾ, ಅದ್ಕೇ ನಂಬ್ದೆ" ಎಂದಳು ಆಕೆ.

ಆ ಮಾತು ಅವನನ್ನು ಸುಟ್ಟಿತು. ಪೊಟ್ಟಣ ತಲುಪಿಸದೆ ಇರುವ ಹಾಗಿರಲಿಲ್ಲ. ಅಂದಿನಿಂದ ಅಂಥದ್ದು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, ಹಿತ್ತಾಳೆ ಬಿಲ್ಲೆಯ ಖಾಕಿ ರುಮಾಲನ್ನು ತಲೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. "ಇದು ಸರ್ಕಾರ ಕಳ್ಸಿರೋದಲ್ಲ. ಬೇಡ ಅನ್ನಿ, ವಾಪಸ್ ಕಳಿಸ್ಬಿಡ್ತೀನಿ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ನಮ್ಮ ಮನೆಯ ಮೆಟ್ಟಿಲ ಬಳಿ ನಿಂತ. ಚೀಲದಿಂದ ನನ್ನ ಹೆಸರಿಗೆ ಬಂದ ಒಂದು ರೂಪಾಯಿಯ ವಿ.ಪಿ. ಪೊಟ್ಟಣ ತೆಗೆದ. ಕಿವಿಯ ಹತ್ತಿರ ಅಲ್ಲಾಡಿಸಲಿಲ್ಲ. ನನ್ನ ಮುಖ ನೋಡದೆ, ಮೆಲ್ಲಗೆ, ತಲೆಯ ಮೇಲಿನ ರುಮಾಲು ತೆಗೆದ.