ಕುಂಕುಮದಡಿಯ ನಂಬರು

ಬ್ರಹ್ಮಾವರದ ನಮ್ಮ ಕಾಲೇಜಿನ ಹಳೇ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಸಾಫ್ಟ್‌ವೇರ್ ಬೇಕಿತ್ತು. ಅದಿಲ್ಲದೆ ಸೋಮವಾರ ಮಕ್ಕಳ ಪರೀಕ್ಷೆ ನಡೆಯುವಂತಿರಲಿಲ್ಲ. ಮುಖ್ಯ ಕಂಪ್ಯೂಟರಿನ ನಂಬರು ಬರೆಯುವ ಜಾಗ ಖಾಲಿ ಬಿಟ್ಟೇ ಅದರ ಲೈಸೆನ್ಸಿಗೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ಅಲ್ಲಿಂದ ಹೆಮ್ಮಾಡಿ ಕಡೆಯ ಗುಮಾಸ್ತರೊಬ್ಬರು ಫೋನು ಮಾಡಿದರು.

"ಮಿಷನ್ನಿನ ಮೇಲೆ ಸ್ಟಿಕ್ಕರ್ ಇತ್ತಲೆ, ಅದ್ರ ನಂಬ್ರ ಹೇಳಿ."

"ಅದ್ರ ಮೇಲೆ ಕುಂಕುಮ ಇತ್ತ್ ಮಾರಾಯ್ರೆ." ಪ್ರತಿ ಆಯುಧಪೂಜೆಗೂ ನಾನೇ ಭಕ್ತಿಯಿಂದ ಹಚ್ಚಿದ್ದು, ಗಟ್ಟಿಯಾಗಿ ಕೂತಿತ್ತು.

"ಒರ್ಸಿ ಕಾಣಿ!"

"ಪೂಜೆಯ ಕುಂಕುಮ, ಒರ್ಸುದ್ ಹ್ಯಾಂಗೆ?"

"ಹ್ವಾಯ್, ಮಕ್ಕಳ ಪರೀಕ್ಷೆ ಅಂದ್ರೆ ದೇವ್ರಿಗೂ ಬೇಜಾರಿಲ್ಲೆ."

ಕೈಮುಗಿದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂದಂಕಿಯೂ ಮಾಸಿರಲಿಲ್ಲ. ಸಂಜೆಯೊಳಗೆ ಲೈಸೆನ್ಸ್ ಬಂತು, ನನಗೂ ಉಸಿರು ಬಂತು.

ಮೊದಲೇ ನಂಬರು ಬರೆಯದಿದ್ದಕ್ಕೆ ವಿಶ್ವವಿದ್ಯಾಲಯದವರು ಲಿಖಿತ ಕಾರಣ ಕೇಳಿದ್ದರು. ಸುಳ್ಳು ಹೇಳಲಾರದೆ 'ಪೂಜೆ ಆಗಿತ್ತು' ಎಂದು ಬರೆದು ಕಳಿಸಿದೆ. ಯಾರೂ ಮರುಪ್ರಶ್ನೆ ಹಾಕಲಿಲ್ಲ.